ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ: ಎರಡು ತಿಮಿಂಗಿಲ, ಅವುಗಳ ನೆಂಟರು

ಮಕ್ಕಳ ಮನೆಗೆಂದು ಲಂಡನ್ನಿಗೆ ಬರುವವರ ಪಟ್ಟಿಯಲ್ಲಿ ಈ ಮ್ಯೂಸಿಯಂ ಇದ್ದೇ ಇರುತ್ತದೆ. ಹೆಚ್ಚಿನವರು ಡೈನೋಸಾರ್ ಸಾಲಿನಲ್ಲಿ ನಿಂತು ಸುಸ್ತಾಗಿ ವಾಪಸಾಗುತ್ತಾರೆ. ದೊಡ್ಡ ಸಸ್ತನಿಗಳ ವಿಭಾಗಕ್ಕೇ ಎರಡು ಗಂಟೆ ಮೀಸಲಿಡಿ. ಇಲ್ಲಿನ ನಿಜವಾದ ಸಂಪತ್ತು ಅದೇ.

ಮೊದಲು ಸಸ್ತನಿಗಳ ಹಾಲ್‌ಗೆ ಹೋಗಿ. 1938ರಲ್ಲಿ ಮರದ ಚೌಕಟ್ಟು, ತಂತಿಬಲೆ, ಪ್ಲಾಸ್ಟರ್ ಬಳಸಿ ಮುಗಿಸಿದ 28 ಮೀಟರ್ ಉದ್ದದ ನೀಲಿ ತಿಮಿಂಗಿಲದ ಮಾದರಿ ಅಲ್ಲಿ ತೂಗಾಡುತ್ತಿದೆ. ಅದೇ ಹಾಲ್‌ನಲ್ಲಿ ಆನೆ, ಘೇಂಡಾಮೃಗ, ನೀರಾನೆ, ಜಿರಾಫೆ ನಿಂತಿವೆ. ನೆಲದ ಮೇಲಿನ ಅತಿ ದೊಡ್ಡ ಪ್ರಾಣಿಯಾದ ಆಫ್ರಿಕಾದ ಗಂಡಾನೆ ಆರು ಟನ್ ತೂಗಿದರೆ, ದೊಡ್ಡ ನೀಲಿ ತಿಮಿಂಗಿಲ 150 ಟನ್ ದಾಟುತ್ತದೆ. ಓದಿದಾಗ ಬರೀ ಅಂಕಿ ಎನಿಸುವ ಈ ಅಂತರ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಮಾದರಿಯಲ್ಲಿ ಒಂದು ದೋಷವಿದೆ. ಜೀವಂತ ನೀಲಿ ತಿಮಿಂಗಿಲವನ್ನು ನೀರಿನಡಿಯಲ್ಲಿ ಯಾರೂ ಚಿತ್ರೀಕರಿಸಿರದ ಕಾಲದಲ್ಲಿ, ಸತ್ತ ದೇಹಗಳ ಆಧಾರದಲ್ಲಿ ಮಾಡಿದ್ದರಿಂದ ಗಂಟಲ ಭಾಗ ಅತಿಯಾಗಿ ಉಬ್ಬಿದೆ. ನಿಜವಾದ ಪ್ರಾಣಿಯದು ಇದಕ್ಕಿಂತ ಸಪೂರ ಮೈ. ಸುತ್ತಲಿನ ಕೆಲವು ಪ್ರಾಣಿಗಳ ಚರ್ಮ ಬಣ್ಣಗೆಟ್ಟಿರುವುದಕ್ಕೂ ಕಾರಣವಿದೆ: ಪ್ರದರ್ಶನಕ್ಕಾಗಿ ಹೊಸ ಚರ್ಮ ಸಂಗ್ರಹಿಸುವುದನ್ನು ಮ್ಯೂಸಿಯಂ ನಿಲ್ಲಿಸಿದೆ. ಒಳ್ಳೆಯ ನಿರ್ಧಾರ.

ನೀರಾನೆಯ ಮುಂದೆ ಎರಡು ನಿಮಿಷ ನಿಲ್ಲಿ. ಇಂದು ಬದುಕಿರುವ ನೆಲದ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ತೀರಾ ಹತ್ತಿರದ ನೆಂಟ ಇದೇ. ಹೆಸರಲ್ಲಿ ಆನೆ ಇದ್ದರೂ ಆನೆಯ ಬಳಗ ಬೇರೆ. ಆನೆಗೆ ಕಡಲಿನಲ್ಲಿರುವ ದಾಯಾದಿಯೆಂದರೆ ನಮ್ಮ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲೂ ಹುಲ್ಲು ಮೇಯುವ ಕಡಲಹಸು.

ಆಮೇಲೆ ಮುಖ್ಯ ಸಭಾಂಗಣ, ಹಿಂಟ್ಸ್ ಹಾಲ್. ಅಲ್ಲಿರುವುದು ಅಸಲಿ ಅಸ್ಥಿಪಂಜರ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಂದರಿನ ಬಳಿ ಮರಳದಿಣ್ಣೆಗೆ ಸಿಕ್ಕಿ ಸತ್ತ ಹೆಣ್ಣು ನೀಲಿ ತಿಮಿಂಗಿಲ, ಉದ್ದ 25.2 ಮೀಟರ್. 2017ರಿಂದ ಬಾಯ್ತೆರೆದು ಬೇಟೆಗೆ ಧುಮುಕುವ ಭಂಗಿಯಲ್ಲಿ ಚಾವಣಿಯಿಂದ ಇಳಿಬಿಟ್ಟಿದ್ದಾರೆ. ಹೆಸರು ಹೋಪ್, ಅಂದರೆ ಭರವಸೆ. ಬೇಟೆಯಿಂದ ಅಳಿವಿನಂಚಿಗೆ ಹೋಗಿದ್ದ ಈ ಜೀವಿಗೆ 1966ರಲ್ಲಿ ರಕ್ಷಣೆ ಸಿಕ್ಕ ನೆನಪಿಗೆ ಇಟ್ಟದ್ದು.

ಕೆಳಗಿನಿಂದ ಫೋಟೊ ತೆಗೆದು ಹೊರಟುಬಿಡಬೇಡಿ. ಮೆಟ್ಟಿಲು ಹತ್ತಿ ಮೊದಲ ಮಹಡಿಯ ಪಕ್ಕದ ಪಡಸಾಲೆಯಿಂದ ನೋಡಿ. ಈಜುರೆಕ್ಕೆಯೊಳಗೆ ತೋಳು, ಮುಂಗೈ, ಮಣಿಕಟ್ಟು, ಸಾಲಾಗಿ ನಾಲ್ಕು ಬೆರಳು, ಎಲ್ಲವೂ ಸ್ಪಷ್ಟ. ಬೆನ್ನುಮೂಳೆಯ ಹಿಂಭಾಗದ ಕೆಳಗೆ, ಯಾವುದಕ್ಕೂ ಅಂಟದೆ ನೇತಾಡುವ ಎರಡು ಪುಟ್ಟ ಮೂಳೆಗಳನ್ನು ಹುಡುಕಿ: ಅವು ಸೊಂಟದ ಮೂಳೆಗಳು, ನಾಲ್ಕು ಕಾಲಲ್ಲಿ ನಡೆದ ಪೂರ್ವಜರ ಗುರುತು. ಅಗಲವಾದ ಬಾಲ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ಬಾಲದ ಹರವಿನಲ್ಲಿ ಮೂಳೆಯೇ ಇಲ್ಲ, ಹಾಗಾಗಿ ಬೆನ್ನುಮೂಳೆಯ ಮಣಿಗಳು ಸಣ್ಣಗಾಗುತ್ತ ಮುಗಿದುಹೋಗುತ್ತವೆ. ಸಿಗಡಿಯಂಥ ಕ್ರಿಲ್ ಸೋಸುವ ಬಾಯಿಯ ಜರಡಿಯೂ ಮೂಳೆಯಲ್ಲ. ನಮ್ಮ ಉಗುರಿನ ಕೆರಾಟಿನ್ನೇ.

ಇಷ್ಟೊಂದು ವಿಷಯವಿರುವ ಜಾಗದಲ್ಲಿ ವಿವರಣೆಯ ಫಲಕಗಳು ಸಾಲದು. ಸೊಂಟದ ಮೂಳೆ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುವಂಥ ಚಿತ್ರ ಕಣ್ಣೆದುರೇ ಇರಬೇಕಿತ್ತು.

ಪ್ರವೇಶ ಉಚಿತ, ಆದರೂ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಿದರೆ ಒಳ್ಳೆಯದು. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಿಂದ ಕಾಲುದಾರಿಯ ಸುರಂಗವಿದೆ, ಮಳೆಯಲ್ಲಿ ಅನುಕೂಲ. ಬಾಗಿಲು ತೆರೆಯುವುದು ಬೆಳಿಗ್ಗೆ 10ಕ್ಕೆ. ವಾರದ ದಿನ, ಅಲ್ಲಿನ ಶಾಲೆಗಳಿಗೆ ರಜೆಯಿಲ್ಲದಾಗ, 10ಕ್ಕೇ ಹೋದರೆ ಮೇಲಿನ ಪಡಸಾಲೆಯಲ್ಲಿ ನಿಧಾನವಾಗಿ ನಿಂತು ನೋಡಬಹುದು.