ಕ್ವಿಲ್ಟ್ ಸಾಫ್ಟ್‌ವೇರ್‌ಗೆ ನಮ್ಮ ಪನ್ನಾ ಗೊತ್ತಿಲ್ಲ

ಹೊಸದಾಗಿ ಕ್ವಿಲ್ಟ್, ಅಂದರೆ ತುಂಡು ಬಟ್ಟೆ ಜೋಡಿಸಿ ಮಾಡುವ ಹೊದಿಕೆ, ಹೊಲಿಯೋಕೆ ಶುರು ಮಾಡಿದವರು "ಡಿಸೈನ್ ಮಾಡೋಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ನೀವು ಬಟ್ಟೆ ಎಲ್ಲಿ ಕೊಳ್ತೀರಿ?" ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಾನು ಬಳಸುತ್ತಿರುವುದು ಬ್ರೌಸರ್‌ನಲ್ಲೇ ತೆರೆಯುವ, ತಿಂಗಳ ಚಂದಾ ಕಟ್ಟುವ ಒಂದು ಸಾಫ್ಟ್‌ವೇರ್. ಹೆಸರು ಬೇಡ. ನಾನು ಗೊಣಗುವ ವಿಷಯ ಅದೊಂದರದ್ದೇ ಅಲ್ಲ. ಅಮೆರಿಕದ ಬಟ್ಟೆ ಅಂಗಡಿಯನ್ನು ತಲೆಯಲ್ಲಿಟ್ಟುಕೊಂಡು ಮಾಡಿದ ಯಾವುದಕ್ಕಾದರೂ ಈ ಕಾಯಿಲೆ ಇರಬಹುದು. ಕೊಳ್ಳುವ ಮೊದಲು ಬೇರೆಯವನ್ನೂ ನೋಡಿದ್ದೆ. ಎಲೆಕ್ಟ್ರಿಕ್ ಕ್ವಿಲ್ಟ್ 8 ಒಂದೇ ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳುವಂಥದ್ದು, ಆದರೆ ಇನ್ನೂರು ಡಾಲರ್ ದಾಟುತ್ತದೆ. ಹೊಲಿಗೆ ನನಗೆ ಹಿಡಿಸುತ್ತದೋ ಇಲ್ಲವೋ ಅಂತಲೇ ಗೊತ್ತಿಲ್ಲದ ಹೊತ್ತಿನಲ್ಲಿ ಅಷ್ಟು ಕೊಡೋಕೆ ಮನಸ್ಸು ಬರಲಿಲ್ಲ. ಕ್ವಿಲ್ಟ್ ಅಸಿಸ್ಟೆಂಟ್ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಮನೆಯಲ್ಲಿರುವುದು ಮಗಳ ಹಳೇ ಮ್ಯಾಕ್. ಹಾಗಾಗಿ ಚಂದಾ. ಎಷ್ಟು ಸಾವಿರ ಬ್ಲಾಕ್ (ತುಂಡು ಜೋಡಿಸಿ ಮಾಡುವ ಒಂದೊಂದು ಚೌಕದ ವಿನ್ಯಾಸ) ಇದೆ, ಎಷ್ಟು ಬಣ್ಣ ಇದೆ ಅನ್ನುವುದೆಲ್ಲ ಅವರವರ ಪುಟದಲ್ಲೇ ದೊಡ್ಡದಾಗಿ ಬರೆದಿರುತ್ತಾರೆ, ಬಿಡಿ. ಮೊದಲ ಕ್ವಿಲ್ಟಿಗೆ ನಾಲ್ಕು ಬ್ಲಾಕ್ ಸಾಕು.

ಈಗ ಪನ್ನಾ, ಅಂದರೆ ಬಟ್ಟೆಯ ಅಗಲದ ವಿಷಯ.

ಮೊದಲ ಡಿಸೈನ್ ಸುಲಭದ್ದೇ ಇಟ್ಟುಕೊಂಡಿದ್ದೆ. 60 ಇಂಚು ಉದ್ದ, 60 ಇಂಚು ಅಗಲ, ಎರಡೇ ಬಣ್ಣದ ಚೌಕಳಿ. ಹೊಲಿದ ಮೇಲೆ 5 ಇಂಚು ಬರುವ ಚೌಕ. ಹನ್ನೆರಡು ಸಾಲು, ಸಾಲಿಗೆ ಹನ್ನೆರಡು. ಒಟ್ಟು 144, ಒಂದೊಂದು ಬಣ್ಣದ್ದು 72. ಸುತ್ತಲೂ ಕಾಲು ಇಂಚು ಹೊಲಿಗೆಗೆ ಬಿಟ್ಟರೆ ಕತ್ತರಿಸಬೇಕಾದದ್ದು 5½ ಇಂಚು. ಇಷ್ಟನ್ನೂ ಸಾಫ್ಟ್‌ವೇರ್ ಚೆನ್ನಾಗಿಯೇ ಲೆಕ್ಕ ಹಾಕಿತು. ಒಂದೊಂದು ಬಣ್ಣಕ್ಕೆ 1¾ ಗಜ ಬಟ್ಟೆ ತನ್ನಿ ಅಂದಿತು. ಅಂದರೆ 63 ಇಂಚು, ನಮ್ಮ ಲೆಕ್ಕದಲ್ಲಿ 1.6 ಮೀಟರ್. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಅಂಗಡಿಗೆ ಹೋಗಿ ಬಿಳಿ ಮತ್ತು ನೀಲಿ ಕಾಟನ್ ತಂದೆ. ಕತ್ತರಿಸಿ ಎಣಿಸಿದರೆ ಬಣ್ಣಕ್ಕೆ ಆರಾರು ಚೌಕ ಕಡಿಮೆ!

ಕಾರಣ ಇಷ್ಟೇ. ಸಾಫ್ಟ್‌ವೇರ್ ಬಟ್ಟೆಯ ಅಗಲ 42 ಇಂಚು ಅಂತ ಹಿಡಿದಿದೆ. 42 ಇಂಚಿನಲ್ಲಿ ಅಡ್ಡಕ್ಕೆ ಏಳು ಚೌಕ ಕೂರುತ್ತವೆ, ಹನ್ನೊಂದು ಪಟ್ಟಿ ಕತ್ತರಿಸಿದರೆ 77 ಚೌಕ ಸಿಗುತ್ತವೆ, ಆರಾಮ. ನಾನು ತಂದಿದ್ದು 36 ಪನ್ನಾದ ಬಟ್ಟೆ. ಎರಡೂ ಕಡೆಯ ಅಂಚು ತೆಗೆದರೆ ಅಡ್ಡಕ್ಕೆ ಆರೇ. ಹನ್ನೊಂದು ಪಟ್ಟಿಗೆ 66. ಇನ್ನೊಂದೇ ಪಟ್ಟಿ ಬೇಕಿತ್ತು, ಹತ್ತು ಸೆಂಟಿಮೀಟರ್ ಜಾಸ್ತಿ ತಂದಿದ್ದರೆ ಮುಗಿದಿತ್ತು. ಮತ್ತೆ ಹೋದಾಗ ಅಂಗಡಿಯವರು ಅದೇ ನೀಲಿ ತೆಗೆದುಕೊಟ್ಟರು. ಆದರೆ ಅದು ಬೇರೆ ಸುರುಳಿಯ ಬಟ್ಟೆ, ಬಣ್ಣ ಒಂದು ಚೂರು ಮಂಕು. "36 ಪನ್ನಾ ಐತ್ರಿ ಅಕ್ಕಾರ, ಮೊದಲ ಕೇಳಿದ್ರ ಹೇಳ್ತಿದ್ನಿ" ಅಂದರು. ಅವರದೇನು ತಪ್ಪು?

ಅಗಲ ಬದಲಿಸುವ ಜಾಗ ಸಾಫ್ಟ್‌ವೇರ್‌ನಲ್ಲಿ ಇಲ್ಲ ಅಂತಲ್ಲ. ಇದೆ. ಸೆಟ್ಟಿಂಗ್ಸ್ ಒಳಗೆ ಹೊಕ್ಕು ಹುಡುಕಿದರೆ ಸಿಗುತ್ತದೆ. ಅಲ್ಲಿರುವ ಆಯ್ಕೆಗಳು 40, 42, 44, 108. ಅಷ್ಟೇ. ನಮಗೆ ಬೇಕಾದ ಅಂಕಿ ಟೈಪ್ ಮಾಡೋಕೆ ಬಿಡುವುದಿಲ್ಲ. 36 ಇಲ್ಲ, 58 ಇಲ್ಲ. ಗುಳೇದಗುಡ್ಡದ ಖಣ ಬಳಸಬೇಕು ಅಂದರಂತೂ ಕೇಳಲೇಬೇಡಿ. ಖಣದ ಅಗಲ ಇನ್ನೂ ಕಡಿಮೆ, ಬರುವುದೂ ರವಿಕೆಯ ತುಂಡಾಗಿ. ಈ ಬಗ್ಗೆ ಕಂಪನಿಗೆ ಮೇಲ್ ಹಾಕಿದ್ದೆ. ಸಲಹೆಗೆ ಧನ್ಯವಾದ ಅಂತ ಬಂತು. ಆಮೇಲೆ ಎಷ್ಟೋ ಹೊಸ ಬಟ್ಟೆ ಕಲೆಕ್ಷನ್‌ಗಳು ಸೇರಿಕೊಂಡವು, ಈ ಖಾನೆ ಮಾತ್ರ ಹಾಗೇ ಇದೆ.

ಇನ್ನೊಂದು ತಲೆನೋವು ಅಳತೆಯದ್ದು. ನಮ್ಮಲ್ಲಿ ದರ್ಜಿ ಇಂಚಿನಲ್ಲಿ ಅಳೆಯುತ್ತಾರೆ, ಅಂಗಡಿಯವರು ಮೀಟರ್‌ನಲ್ಲಿ ಕತ್ತರಿಸುತ್ತಾರೆ, ಈ ಸಾಫ್ಟ್‌ವೇರ್ ಗಜದಲ್ಲಿ ಮಾತಾಡುತ್ತದೆ. ಸೆಂಟಿಮೀಟರ್‌ಗೆ ಬದಲಿಸುವ ಬಟನ್ ಇದೆ. ಒತ್ತಿದರೆ ಎಲ್ಲವನ್ನೂ 2.54ರಿಂದ ಗುಣಿಸಿ ಕೊಡುತ್ತದೆ. ಎರಡು ತ್ರಿಕೋನ ಸೇರಿ ಆಗುವ 4 ಇಂಚಿನ ಚೌಕಕ್ಕೆ 4⅞ ಇಂಚು ಕತ್ತರಿಸಬೇಕಲ್ವಾ, ಅದು 12.38 ಸೆಂಟಿಮೀಟರ್ ಆಗುತ್ತದೆ. ಯಾವ ಟೇಪಿನಲ್ಲಿದೆ 12.38? ನಾನೀಗ ಡಿಸೈನ್, ಕತ್ತರಿಸುವುದು ಎಲ್ಲ ಇಂಚಿನಲ್ಲೇ ಮಾಡುತ್ತೇನೆ. ಅಂಗಡಿಗೆ ಹೋಗುವ ಚೀಟಿಯಲ್ಲಿ ಮಾತ್ರ ಮೀಟರ್. ಆ ಚೀಟಿಯ ಲೆಕ್ಕ ಕೈಯಿಂದಲೇ: ಪನ್ನಾದಲ್ಲಿ ಅಡ್ಡಕ್ಕೆ ಎಷ್ಟು ತುಂಡು ಕೂರುತ್ತವೆ, ಎಷ್ಟು ಪಟ್ಟಿ ಬೇಕು, ಅದರ ಮೇಲೆ ತೊಳೆದಾಗ ಕುಗ್ಗುವುದಕ್ಕೆ ಒಂದು ಪಟ್ಟಿ ಜಾಸ್ತಿ. ಐದು ನಿಮಿಷದ ಕೆಲಸ. ಆದರೆ ದುಡ್ಡು ಕೊಟ್ಟಿದ್ದು ಇದೇ ಐದು ನಿಮಿಷಕ್ಕಲ್ವಾ?

ಪ್ರಿಂಟ್ ತೆಗೆಯುವಾಗಲೂ ಹುಷಾರು. ಕಾಗದದ ಮೇಲೆ ಹೊಲಿಯುವ ಬ್ಲಾಕ್‌ಗಳ ನಕ್ಷೆಯನ್ನು ಈ ಸಾಫ್ಟ್‌ವೇರ್ ಅಮೆರಿಕದ ಲೆಟರ್ ಹಾಳೆಯ ಅಳತೆಗೆ ಜೋಡಿಸುತ್ತದೆ. ನಮ್ಮದು ಎ4, ಅಗಲದಲ್ಲಿ ಸ್ವಲ್ಪ ಚಿಕ್ಕದು. ಝೆರಾಕ್ಸ್ ಅಂಗಡಿಯಲ್ಲಿ "ಫಿಟ್ ಟು ಪೇಜ್" ಇಟ್ಟು ಪ್ರಿಂಟ್ ಕೊಟ್ಟರೆ 6 ಇಂಚಿಗೆ ಸುಮಾರು 4 ಮಿಲಿಮೀಟರ್ ಕಡಿಮೆ ಬರುತ್ತದೆ. ಹಾಳೆಯ ಮೂಲೆಯಲ್ಲಿ ಒಂದು ಇಂಚಿನ ಪುಟ್ಟ ಚೌಕ ಇರುತ್ತದೆ. ಅಂಗಡಿಯಲ್ಲಿ ನಿಂತೇ ಅದನ್ನು ಅಳೆದು ನೋಡಿ, ಆಮೇಲೆ ದುಡ್ಡು ಕೊಡಿ.

ಇಷ್ಟೆಲ್ಲ ಬೈದು ಇನ್ನೂ ಚಂದಾ ಯಾಕೆ ಕಟ್ಟುತ್ತೀರಿ ಅಂತ ಕೇಳಬಹುದು. ಒಂದು ಕಾರಣಕ್ಕೆ. ನನ್ನ ಬಟ್ಟೆಯ ಫೋಟೋ ತೆಗೆದು ಒಳಗೆ ಹಾಕಬಹುದು.

ಮೊದಲು ಇದನ್ನು ಅಲಂಕಾರಕ್ಕೆ ಅಂದುಕೊಂಡಿದ್ದೆ. ಈಗ ಬೆಳಗಿನ ಚಹಾ ಆದ ಮೇಲೆ ಇದೇ ನನ್ನ ಕೆಲಸ. ಬಾಲ್ಕನಿ ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಬಿಳಿ ಹಾಳೆ ಹಾಸುತ್ತೇನೆ. ಅದರ ಮೇಲೆ ಇಸ್ತ್ರಿ ಮಾಡಿದ ತುಂಡು, ಪಕ್ಕದಲ್ಲಿ ಟೇಪು. ಫೋನನ್ನು ನೇರ ಮೇಲೆ ಹಿಡಿದು ಒಂದು ಫೋಟೋ. ಆಮೇಲೆ 4 ಇಂಚಿನ ಚೌಕದಷ್ಟು ಕ್ರಾಪ್ ಮಾಡಿ, ಸಾಫ್ಟ್‌ವೇರ್‌ಗೆ ಹಾಕುವಾಗ ಅಗಲ 4 ಇಂಚು ಅಂತ ಬರೆಯಬೇಕು. ಇದನ್ನು ಬಿಟ್ಟರೆ ಖಣದ ಪುಟಾಣಿ ಬುಟ್ಟಾ ಪರದೆಯ ಮೇಲೆ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. ಇಳಕಲ್ ಸೀರೆಯ ಕೆಂಪು ಫೋನಿನಲ್ಲಿ ಕಿತ್ತಳೆಗೆ ತಿರುಗುತ್ತದೆ. ಅದಕ್ಕೇ ಬಿಳಿ ಹಾಳೆ. ಹಾಳೆ ಬಿಳಿಯಾಗಿ ಕಾಣುವವರೆಗೆ ಫೋಟೋದ ಬಣ್ಣ ಸರಿ ಮಾಡಿದರೆ ಕೆಂಪು ವಾಪಸ್ ಬರುತ್ತದೆ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಅಮ್ಮನ ಹಳೇ ಸೀರೆಯ ಸೆರಗು ಒಂದು ತ್ರಿಕೋನಕ್ಕೆ, ಮಗಳ ಲಂಗದ ತುಂಡು ಪಕ್ಕದ್ದಕ್ಕೆ. ಒಂದು ಬ್ಲಾಕ್ ತಿರುಗಿಸಿದರೆ ಇಡೀ ಕ್ವಿಲ್ಟಿನಲ್ಲಿ ನಾವು ಬಿಡಿಸದೇ ಇದ್ದ ಗಾಳಿಪಟ ಮೂಡುತ್ತದೆ. ಸುಮ್ನೆ ತಿರುಗಿಸುತ್ತಾ ಕೂತರೆ ಹನ್ನೊಂದು ಗಂಟೆ. ಬಟ್ಟೆಗೆ ಕತ್ತರಿ ತಾಗಿಸದೆ ಇಷ್ಟು ಆಟ ಆಡಬಹುದು ಅಂತ ಗೊತ್ತಿರಲಿಲ್ಲ.

ಕಪ್ಪು-ಬಿಳುಪಿನ ಬಟನ್ ಒಂದಿದೆ. ಇದನ್ನು ಹೊಸಬರು ಖಂಡಿತ ಒತ್ತಿ ನೋಡಬೇಕು. ಓಹಾಯೋ ಸ್ಟಾರ್ ಬ್ಲಾಕಿನಲ್ಲಿ ನಕ್ಷತ್ರಕ್ಕೆ ಮರೂನ್, ಹಿನ್ನೆಲೆಗೆ ಗಾಢ ಹಸಿರು ಹಾಕಿದ್ದೆ. ಬಣ್ಣದಲ್ಲಿ ಬಹಳ ಚೆಂದ. ಬಟನ್ ಒತ್ತಿದ ಕೂಡಲೇ ನಕ್ಷತ್ರವೇ ಮಾಯ, ಎಲ್ಲ ಒಂದೇ ಬೂದಿ. ಬಣ್ಣ ಬೇರೆಯಾದರೂ ಗಾಢತೆ ಒಂದೇ ಆದರೆ ಡಿಸೈನ್ ದೂರದಿಂದ ಕಾಣುವುದಿಲ್ಲ. ಹಸಿರು ತೆಗೆದು ಕೆನೆ ಬಣ್ಣದ ಖಾದಿ ಹಾಕಿದೆ, ನಕ್ಷತ್ರ ಎದ್ದು ಬಂತು.

ನಮ್ಮ ದೊಡ್ಡವ್ವ ಇದನ್ನೆಲ್ಲ ನೋಡಿ, "ಅರಿವಿ ಕೈಯಾಗ ಹಿಡದ್ರ ಗೊತ್ತಾಗ್ತದ, ಅದಕ್ಯಾಕವಾ ಕಂಪ್ಯೂಟರ?" ಅಂದರು. ಅವರು ಹೊಲಿಯುವುದು ಕೌದಿ, ಅವರ ಮಟ್ಟಿಗೆ ಮಾತು ಸರಿ. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ತುಂಡು ಇಟ್ಟು ಓಡುಹೊಲಿಗೆ ಹಾಕುವ ಕೌದಿಗೆ ಬ್ಲಾಕೂ ಇಲ್ಲ, ಮೊದಲೇ ಬರೆದ ನಕ್ಷೆಯೂ ಬೇಡ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯಂತೂ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ಮುಂದಿನ ತುಂಡು ಯಾವುದು ಅನ್ನುವುದು ಕೈಗೆ ಸಿಕ್ಕ ಬಟ್ಟೆಯ ಮೇಲೆ. ಚೌಕದ ಜಾಲರಿಯಲ್ಲೇ ಯೋಚಿಸುವ ಸಾಫ್ಟ್‌ವೇರ್ ಅಲ್ಲಿ ಏನು ಮಾಡೀತು? ನಿಮ್ಮ ಆಸೆ ಕೌದಿ ಅಥವಾ ಕವಂದಿ ಆಗಿದ್ದರೆ ಒಂದು ರೂಪಾಯಿಯನ್ನೂ ಇದಕ್ಕೆ ಹಾಕಬೇಡಿ. ಒಳ್ಳೆ ಸೂಜಿ ಕೊಳ್ಳಿ.

ದುಡ್ಡಿನ ಮಾತು. ಚಂದಾ ಡಾಲರ್‌ನಲ್ಲಿ. ಬ್ಯಾಂಕಿನ ಪರಿವರ್ತನೆ ಶುಲ್ಕವೂ ಸೇರಿದರೆ ತಿಂಗಳಿಗೆ ಎರಡು ಮೀಟರ್ ಒಳ್ಳೆ ಕಾಟನ್ ಬರುವಷ್ಟು ಆಗುತ್ತದೆ. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಕಡಿಮೆ ಅಂತಾರೆ, ನಾನು ಕಟ್ಟಿಲ್ಲ. ಹೊಸ ಕ್ವಿಲ್ಟ್ ಯೋಚಿಸುವ ತಿಂಗಳು ಮಾತ್ರ ಚಾಲೂ ಇಡುತ್ತೇನೆ, ಹೊಲಿಯುವ ತಿಂಗಳುಗಳಲ್ಲಿ ನಿಲ್ಲಿಸುತ್ತೇನೆ. ಕಾರ್ಡ್‌ನಿಂದ ಹಣ ಕಡಿಯುವ ಮೊದಲು ಬ್ಯಾಂಕಿನ ಮೆಸೇಜ್ ಬರುತ್ತದೆ, ಅದನ್ನು ನೋಡಿ ತೀರ್ಮಾನ. ನಿಲ್ಲಿಸುವ ಮೊದಲು ಡಿಸೈನ್‌ಗಳನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಚಂದಾ ಇಲ್ಲದಾಗ ತೆರೆದು ನೋಡಬಹುದು, ಆದರೆ ಬದಲಿಸೋಕೆ ಆಗುವುದಿಲ್ಲ.

ದುಡ್ಡು ಹಾಕುವ ಮನಸ್ಸಿಲ್ಲದವರಿಗೆ ಇಂಕ್‌ಸ್ಕೇಪ್ ಇದೆ. ಉಚಿತ, ಮ್ಯಾಕ್‌ನಲ್ಲೂ ಓಡುತ್ತದೆ, ಅಳತೆ ಮಿಲಿಮೀಟರ್, ಇಂಚು ಏನು ಬೇಕಾದರೂ ಇಡಬಹುದು. ಕ್ವಿಲ್ಟಿಗೆ ಅಂತ ಮಾಡಿದ್ದಲ್ಲ, ಹೊಲಿಗೆಗೆ ಬಿಡುವ ಕಾಲು ಇಂಚನ್ನು ನಾವೇ ಸೇರಿಸಿಕೊಳ್ಳಬೇಕು, ಕಲಿಯೋಕೆ ಒಂದೆರಡು ವಾರ ಬೇಕು. ಅದೂ ಬೇಡ ಅಂದರೆ ಗ್ರಾಫ್ ಪುಸ್ತಕ ಮತ್ತು ಮಕ್ಕಳ ಬಣ್ಣದ ಪೆನ್ಸಿಲ್ ಸಾಕು. ನನ್ನ ಚೌಕಳಿಯನ್ನು ಅದರಲ್ಲೇ ಬಿಡಿಸಬಹುದಿತ್ತು.

ಐದಕ್ಕೆ ಮೂರು ಕೊಡುತ್ತೇನೆ. ಆ ಮೂರೂ ಬಟ್ಟೆಯ ಫೋಟೋಗೆ.