ಮುಳುಗಿದ ಸುರಂಗಕ್ಕೆ ಕುರುಡು ಮೀನೋ, ಕರೆಂಟ್ ಮೀನೋ?

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಅಂಥ ಜಾಗದಲ್ಲೇ ನಿಮ್ಮ ಗೇಮ್ ನಡೆಯುತ್ತದೆ, ಅದರಲ್ಲಿ ಆಟಗಾರನನ್ನು ಬೆನ್ನಟ್ಟಲು ಕುರುಡು ಮೀನು ಇಡಲೋ, ಕರೆಂಟ್ ಹೊಡೆಯುವ ಮೀನು ಇಡಲೋ ಎಂದು ಕೇಳಿದಿರಿ.

ಭಯಕ್ಕೆ ನನ್ನ ಮತ ಕುರುಡು ಮೀನಿಗೆ. ಮೆಕ್ಸಿಕೋದ ಗುಹೆ ಮೀನಿಗೆ ಕಣ್ಣಿಲ್ಲ, ನೀರಿನ ಅಲುಗಾಟವನ್ನು ಮೈಯಿಂದಲೇ ಗುರುತಿಸುತ್ತದೆ. ನಿಜದಲ್ಲಿ ಬೆರಳುದ್ದದ ಸಾಧು ಮೀನು. ಅದನ್ನೇ ಆಳುದ್ದ ಮಾಡಿ. ಟಾರ್ಚ್ ಆರಿಸಿದರೂ ಪ್ರಯೋಜನವಿಲ್ಲ. ಆಟಗಾರ ಕೈಕಾಲು ಆಡಿಸದೆ ಸುಮ್ನೆ ತೇಲಬೇಕು, ಆಮ್ಲಜನಕ ಇಳಿಯುತ್ತಲೇ ಇರುತ್ತದೆ. ಎದೆ ಡವಡವ ಅನ್ನುತ್ತದೆ ಅಲ್ವಾ?

ಕರೆಂಟ್ ಹೊಡೆಯುವ ಈಲ್ (ಹಾವಿನಂತೆ ಉದ್ದನೆಯ ಮೀನು) ದಕ್ಷಿಣ ಅಮೆರಿಕದ್ದು. ಒಂದು ಜಾತಿ 860 ವೋಲ್ಟ್‌ವರೆಗೆ ಹೊಡೆಯುತ್ತದೆ. ಹೊಡೆಯುವ ಮೊದಲು ಮಿಂಚು ತೋರಿಸಿದರೆ ಆಟಗಾರನಿಗೆ ಮೋಸ ಅನ್ನಿಸುವುದಿಲ್ಲ.

ಈಲ್‌ಗೆ ಅನಿಮೇಷನ್ ಕೆಲಸ ಜಾಸ್ತಿ, ಕುರುಡು ಮೀನಿಗೆ ಕೋಡಿಂಗ್ ಜಾಸ್ತಿ. ತಂಡದಲ್ಲಿ ಒಳ್ಳೆ ಪ್ರೋಗ್ರಾಮರ್ ಇದ್ದರೆ ಕುರುಡು ಮೀನು. ಕಲಾವಿದರೇ ಹೆಚ್ಚಿದ್ದು, ಹೊಡೆದಾಟವೇ ಬೇಕಿದ್ದರೆ ಈಲ್.