"ಹರ್ಬಲ್" ನಿದ್ದೆ ಕ್ಯಾಪ್ಸೂಲ್ ಮನೆಗೆ ತರಿಸಿದ್ದೀರಾ? ದಯವಿಟ್ಟು ಇದನ್ನ ಪೂರ್ತಿ ಓದಿ

ಫೋನಲ್ಲಿ ಆರ್ಡರ್ ತಗೊಂಡು ಕೊರಿಯರ್‌ನಲ್ಲಿ ಕಳಿಸ್ತಾರಲ್ಲ, "ನೂರಕ್ಕೆ ನೂರು ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅಂತ, ಆ ನಿದ್ದೆ ಕ್ಯಾಪ್ಸೂಲ್‌ಗಳ ಬಗ್ಗೆ ಬರೀತಿದೀನಿ. ನಮ್ಮಮ್ಮ ಗಿಡಮೂಲಿಕೆ ಅಂತ ನಂಬಿ ನುಂಗಿದ್ದು ಇಂಗ್ಲಿಷ್ ನಿದ್ದೆ ಮಾತ್ರೆ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಓದಿದವರಿರೋ ಮನೆ ನಮ್ಮದು, ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಆದ್ರೆ ಸುಮ್ಮನಿದ್ರೆ ಇನ್ನೊಬ್ಬರ ಮನೆಗೂ ಆ ಡಬ್ಬಿ ಹೋಗುತ್ತೆ.

ಅಮ್ಮನಿಗೆ ಅರವತ್ತು ದಾಟಿದೆ, ತಿಪಟೂರಿನಲ್ಲಿ ಇರ್ತಾರೆ. ಅಪ್ಪ ಹೋದಮೇಲೆ ನಿದ್ದೆ ಕೆಟ್ಟಿತ್ತು. ರಾತ್ರಿ ಒಂದೂವರೆಗೆ ಎಚ್ಚರ ಆದ್ರೆ ಮುಗೀತು, ಹಾಲಿನವನು ಬರೋ ತನಕ ಹೊರಳಾಡೋದು. ಡಾಕ್ಟರ ಹತ್ರ ಹೋಗೋಣ ಅಂದ್ರೆ ಒಂದೇ ಮಾತು: "ಅವರು ನಿದ್ದೆ ಮಾತ್ರೆ ಬರೀತಾರೆ, ಆಮೇಲೆ ಅದಿಲ್ಲದೆ ಆಗಲ್ಲ, ನಂಗೆ ಆ ಚಟ ಬೇಡ." ಅದಕ್ಕೇ, ಸರಿಯಾಗಿ ಆ ಭಯಕ್ಕೇ, ಈ ಜನ ಬಲೆ ಹಾಕಿರೋದು. ಅವರ ವಿಡಿಯೋದಲ್ಲಿ ಮೊದಲನೇ ಮಾತೇ "ಇಂಗ್ಲಿಷ್ ಮಾತ್ರೆಗೆ ದಾಸರಾಗಬೇಡಿ" ಅಂತ. ಕೆಳಗೆ ನಂಬರ್ ಬಿಟ್ಟರೆ ಸಾಕು, ಫೋನ್ ಬರುತ್ತೆ. ಮಾತಾಡೋಳು ತನ್ನನ್ನ "ಆಯುರ್ವೇದ ಡಾಕ್ಟರ್" ಅಂತ ಪರಿಚಯ ಮಾಡ್ಕೋತಾಳೆ. ಎಷ್ಟು ನಯ ಅಂತೀರಿ! "ಅಮ್ಮಾ, ಊಟ ಆಯ್ತಾ ಅಮ್ಮಾ, ಸೊಸೆ ಚೆನ್ನಾಗಿ ನೋಡ್ಕೋತಾಳಾ ಅಮ್ಮಾ." ಒಂಟಿಯಾಗಿರೋ ಹೆಂಗಸಿಗೆ ಇನ್ನೇನು ಬೇಕು. ತಿಂಗಳ ಡಬ್ಬಿಗೆ 2,490 ರೂಪಾಯಿ, ಕ್ಯಾಶ್ ಆನ್ ಡೆಲಿವರಿ.

ಮೊದಲ ರಾತ್ರಿಯೇ ನಿದ್ದೆ ಬಂತು. ಎಂಥ ನಿದ್ದೆ! ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ಬಡಿದು ಎಬ್ಬಿಸಿದ್ರಂತೆ. ಅಮ್ಮ ಫೋನ್ ಮಾಡಿ "ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ" ಅಂದ್ರು. ಆ ಮಾತು ನೆನಪಾದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. ಅಶ್ವಗಂಧ, ಜಟಾಮಾಂಸಿ, ಬ್ರಾಹ್ಮಿ ಅಂತ ಡಬ್ಬಿ ಮೇಲೆ ಬರೆದಿತ್ತು. ಅವು ಯಾವೂ ಒಂದೇ ರಾತ್ರಿಗೆ ಮನುಷ್ಯನನ್ನ ಹೀಗೆ ಕೆಡವಿ ಮಲಗಿಸಲ್ಲ.

ಆಮೇಲೆ ಹಗಲಲ್ಲೂ ಮಂಪರು ಶುರುವಾಯ್ತು. ಮಾತು ತೊದಲೋದು, ಒಲೆ ಮೇಲೆ ಹಾಲಿಟ್ಟು ಮರೆಯೋದು. ಒಂದು ರಾತ್ರಿ ಬಚ್ಚಲಿಗೆ ಹೋಗಿ ಬಿದ್ರು, ಪುಣ್ಯಕ್ಕೆ ಮೂಳೆ ಮುರೀಲಿಲ್ಲ, ಮೊಣಕೈ ಊದಿಕೊಂಡಿತ್ತು. ನಾನು ಊರಿಗೆ ಹೋದಾಗ ಡಬ್ಬಿ ಖಾಲಿ ಆಗ್ತಾ ಬಂದಿತ್ತು. ಈ ತೊದಲು ನೋಡಿ ಭಯವಾಗಿ "ಇದನ್ನ ನಿಲ್ಲಿಸು" ಅಂದೆ. ನಿಲ್ಲಿಸಿದ್ರು. ಆಗ ಶುರುವಾಯ್ತು ನೋಡಿ. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಕೈ ನಡುಕ, ಮೈಯೆಲ್ಲ ಬೆವರು, ಎದೆ ಡವಡವ, ಕಾರಣವಿಲ್ಲದೆ ಅಳು. ಮುಂಚೆ ಇದ್ದ ನಿದ್ರಾಹೀನತೆ ಇದರ ಮುಂದೆ ಏನೂ ಅಲ್ಲ.

ಆ "ಡಾಕ್ಟರಮ್ಮ"ನಿಗೆ ಫೋನ್ ಮಾಡಿದೆ. ಅವಳು ಹೇಳಿದ್ದನ್ನ ಹಾಗೇ ಬರೀತೀನಿ: "ಮೇಡಂ, ಒಳ್ಳೇದಾಯ್ತು, ಅದು ಬಾಡಿಯಿಂದ ಟಾಕ್ಸಿನ್ಸ್ ಹೊರಗೆ ಬರ್ತಿರೋ ಲಕ್ಷಣ. ಮಧ್ಯದಲ್ಲಿ ನಿಲ್ಲಿಸಿದ್ದಕ್ಕೆ ಹೀಗಾಗಿದೆ. ಆರು ತಿಂಗಳ ಕೋರ್ಸ್ ತಗೊಳ್ಳಿ, 11,800ಕ್ಕೆ ಮಾಡಿಕೊಡ್ತೀನಿ." ಒಳ್ಳೇದಾಯ್ತಂತೆ! ಅತ್ತ ಅಮ್ಮ ನಡುಗ್ತಾ ಕೂತಿದ್ದಾರೆ, ಇತ್ತ ಇವಳು ನಂಗೆ ಡಿಸ್ಕೌಂಟ್ ಕೊಡ್ತಿದ್ದಾಳೆ.

ಊರಿನ ಫಿಜಿಶಿಯನ್ ಹತ್ರ ಕರ್ಕೊಂಡು ಹೋದ್ವಿ. ಅವರು ಕೈ ನಡುಕ ನೋಡಿದ್ರು, ಬಿಪಿ ನೋಡಿದ್ರು, ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ನಿದ್ದೆ ಮಾತ್ರೆ ಯಾರು ಬರೆದುಕೊಟ್ಟಿದ್ದು, ಎಷ್ಟು ದಿನದಿಂದ ತಗೋತಿದ್ರಿ?" ಅಮ್ಮನ ಮುಖ ಕೆಂಪಾಯ್ತು. "ನಾನು ಇಂಗ್ಲಿಷ್ ಮಾತ್ರೆ ಮುಟ್ಟೋದೇ ಇಲ್ಲ ಡಾಕ್ಟ್ರೇ, ಬಿಪಿದು ಬಿಟ್ರೆ." ಚೀಲದಿಂದ ಡಬ್ಬಿ ತೆಗೆದು ಕೊಟ್ಟೆ. ಅವರು ಒಂದು ಕ್ಯಾಪ್ಸೂಲ್ ಬಿಚ್ಚಿ ಬಿಳಿ ಹಾಳೆ ಮೇಲೆ ಸುರಿದ್ರು. ಕಂದು ಪುಡಿ, ಅದರ ನಡುನಡುವೆ ಸಣ್ಣ ಬಿಳಿ ಹರಳು ಹರಳು. ಡಬ್ಬಿ ತಿರುಗಿಸಿ ನೋಡಿದ್ರು: ತಯಾರಕರ ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ವಿಳಾಸದ ಜಾಗದಲ್ಲಿ ಬರೀ "ಮಾರ್ಕೆಟೆಡ್ ಬೈ" ಅಂತ ಒಂದು ಹೆಸರು, ಊರು. ಆಯುರ್ವೇದ ಔಷಧಿ ಅಂತ ಮಾರಬೇಕಾದ್ರೆ ಇವೆಲ್ಲ ಕಾನೂನಿನ ಪ್ರಕಾರ ಲೇಬಲ್ ಮೇಲೆ ಇರಲೇಬೇಕಂತೆ. ಎಲೆ ಚಿತ್ರ ಮಾತ್ರ ದೊಡ್ಡದಾಗಿ ಇತ್ತು.

ಮೂತ್ರ ಪರೀಕ್ಷೆಗೆ ಬರೆದ್ರು. ಬೆಂಜೊಡಯಜೆಪೀನ್ ಪಾಸಿಟಿವ್, ಅಂದ್ರೆ ಇಂಗ್ಲಿಷ್ ನಿದ್ದೆ ಮಾತ್ರೆಗಳ ಒಂದು ಗುಂಪು. ಇದು ಮೇಲ್ನೋಟದ ಟೆಸ್ಟು, ಖಚಿತ ಆಗಬೇಕು ಅಂತ ಅದೇ ಮೂತ್ರದ ಸ್ಯಾಂಪಲ್ಲನ್ನ ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಿದ್ರು. ಅಲ್ಲಿಂದ ಆ ಗುಂಪಿನ ಔಷಧಿಯ ಹೆಸರೇ ಬಂತು: ಆಲ್ಪ್ರಜೋಲಾಮ್. ಶೆಡ್ಯೂಲ್ ಎಚ್1 ಔಷಧಿ ಅದು. ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡೋ ಹಾಗಿಲ್ಲ, ಕೊಟ್ಟರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಕೋಬೇಕು. ಅದನ್ನ ಇವರು ಪುಡಿ ಮಾಡಿ ಎಲೆ ಚಿತ್ರದ ಡಬ್ಬಿಗೆ ತುಂಬಿ, ಇಂಗ್ಲಿಷ್ ಮಾತ್ರೆಗೆ ಹೆದರೋ ಅಮ್ಮನಿಗೆ ಮಾರಿದ್ದಾರೆ. ಹಾಳೆ ಕೈಯಲ್ಲಿ ಹಿಡ್ಕೊಂಡು ನಾನು ಆ ಲ್ಯಾಬಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅಮ್ಮ ಯಾವುದರಿಂದ ತಪ್ಪಿಸಿಕೊಳ್ಳೋಕೆ ದುಡ್ಡು ಕೊಟ್ರೋ ಅದನ್ನೇ ಕೊಟ್ಟಿದ್ದಾರೆ. ಅದನ್ನೇ! ಲೆಕ್ಕವಿಲ್ಲ, ಡೋಸ್ ಗೊತ್ತಿಲ್ಲ, ಬಿಪಿ ಇರೋ ವಯಸ್ಸಾದವರು ಅನ್ನೋ ಯೋಚನೆ ಇಲ್ಲ.

ರಿಪೋರ್ಟ್ ಫೋಟೋನ ಆ "ಡಾಕ್ಟರಮ್ಮ"ನಿಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರಗಳು ಇವು. ಮೊದಲು: "ಜಟಾಮಾಂಸಿ ತಗೊಂಡ್ರೆ ಟೆಸ್ಟಲ್ಲಿ ಹಾಗೆ ತೋರಿಸುತ್ತೆ ಮೇಡಂ." ಎರಡನೇ ಲ್ಯಾಬಿನ ರಿಪೋರ್ಟಲ್ಲಿ ಔಷಧಿ ಹೆಸರೇ ಇದೆಯಲ್ಲ ಅಂದೆ. ಅರ್ಧ ಗಂಟೆ ಬಿಟ್ಟು: "ನಿಮ್ಮ ತಾಯಿ ನಿಮಗೆ ಗೊತ್ತಿಲ್ಲದಂತೆ ಬೇರೆ ಮಾತ್ರೆ ತಗೊಂಡಿರಬಹುದು. ವಯಸ್ಸಾದವರು ಹೇಳಲ್ಲ." ಇದನ್ನ ಅಮ್ಮ ನನ್ನ ಪಕ್ಕದಲ್ಲೇ ಕೂತು ಓದಿದ್ರು. ಏನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದ್ರು. ದುಡ್ಡು ಹೋಗಿದ್ದಕ್ಕಿಂತ, ಬಿದ್ದಿದ್ದಕ್ಕಿಂತ, ಈ ಒಂದು ಸಾಲು ಅವರಿಗೆ ತಾಗಿತು. ಕಳ್ಳತನ ಮಾಡಿದವರು ಅವರು, ಕಳ್ಳಿ ಅನ್ನಿಸ್ಕೊಂಡಿದ್ದು ನಮ್ಮಮ್ಮ.

ಆಮೇಲೆ "ಕೋರ್ಸ್ ಮುಗಿಸದವರಿಗೆ ರೀಫಂಡ್ ಇಲ್ಲ." ದೂರು ಕೊಡ್ತೀನಿ ಅಂದಾಗ ದನಿ ಬದಲಾಯ್ತು: "ದುಡ್ಡು ವಾಪಸ್ ಹಾಕ್ತೀವಿ, ರಿಪೋರ್ಟ್ ಎಲ್ಲೂ ಹಾಕಬೇಡಿ." ಬೇಡ ಅಂದೆ. ಬ್ಲಾಕ್ ಮಾಡಿದ್ರು.

ಆಯುರ್ವೇದದ ಮೇಲೆ ನಂಗೆ ಕೋಪ ಇಲ್ಲ, ತಪ್ಪು ತಿಳೀಬೇಡಿ. ಮಲಗೋ ಮುಂಚೆ ಹಾಲಿಗೆ ಚೂರು ಜಾಯಿಕಾಯಿ ತೇಯ್ದು ಕುಡಿಯೋದು, ಹಬ್ಬದ ಮಧ್ಯಾಹ್ನ ಗಸಗಸೆ ಪಾಯಸ ಕುಡಿದು ಮಲಗೋದು ನೋಡಿಯೇ ಬೆಳೆದವಳು ನಾನು. ನಿಜವಾದ ವೈದ್ಯರು ನಾಡಿ ನೋಡ್ತಾರೆ, ಹೊಟ್ಟೆ ವಿಚಾರಿಸ್ತಾರೆ, ಕಾಲ್ ಸೆಂಟರಿಂದ ಆಫರ್ ಕೊಡಲ್ಲ.

ಈಗ ಮುಖ್ಯವಾದ ಮಾತು. ನಿಮ್ಮ ಮನೇಲಿ ಯಾರಾದ್ರೂ ಇಂಥದ್ದನ್ನ ವಾರಗಟ್ಟಲೆ ತಗೊಂಡಿದ್ರೆ, ನನ್ನ ಹಾಗೆ ಗಾಬರಿಯಲ್ಲಿ ಒಂದೇ ಸಲ ನಿಲ್ಲಿಸಬೇಡಿ, ಮೊದಲು ಡಬ್ಬಿ ಸಮೇತ ಡಾಕ್ಟರ ಹತ್ರ ಹೋಗಿ. ಈ ಜಾತಿಯ ಔಷಧಿ ಥಟ್ಟನೆ ನಿಲ್ಲಿಸಿದ್ರೆ ಫಿಟ್ಸ್ ಕೂಡ ಬರಬಹುದಂತೆ. ಅಮ್ಮನಿಗೆ ಡಾಕ್ಟರು ಲೆಕ್ಕದ ಡೋಸ್ ಕೊಟ್ಟು, ವಾರ ವಾರ ಇಳಿಸ್ತಾ ಬಂದು ಬಿಡಿಸಿದ್ರು. ಜೋರಾಗಿ ಗೊರಕೆ ಹೊಡೆಯೋರಿಗಂತೂ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋ ತೊಂದರೆ ಇದ್ರೆ, ಇದು ಇನ್ನೂ ಅಪಾಯ. ಖಾಲಿ ಡಬ್ಬಿನೂ ಎಸೀಬೇಡಿ, ಬಿಲ್ಲು, ಕೊರಿಯರ್ ಕವರ್, ವಾಟ್ಸಾಪ್ ಮಾತು ಎಲ್ಲ ಇಟ್ಕೊಳ್ಳಿ. 1915 ಗ್ರಾಹಕ ಸಹಾಯವಾಣಿ. ಔಷಧ ನಿಯಂತ್ರಣದವರಿಗೂ ಬರೆದು ಕೊಡಿ, ನಾವು ಕೊಟ್ಟಿದ್ದೀವಿ.

ನೆಂಟರೊಬ್ಬರು ಈಗ ಮೆಲಟೋನಿನ್ ಗಮ್ಮಿ (ನಿದ್ದೆಯ ಹಾರ್ಮೋನ್ ಹಾಕಿದ ಜೆಲ್ಲಿ ಮಿಠಾಯಿ) ತರಿಸು ಅಂತಿದ್ದಾರೆ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿ ಪರೀಕ್ಷೆ ಮಾಡಿದ್ರೆ 22ರಲ್ಲಿ ಲೇಬಲ್ಲಿಗೂ ಒಳಗಿರೋ ಪ್ರಮಾಣಕ್ಕೂ ತಾಳೆ ಇರಲಿಲ್ಲ, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಕೈ ಮುಗಿದೆ, ಬೇಡ ಅಂದೆ.

ಅಮ್ಮನ ನಿದ್ದೆಗೆ ಏನಾಗಿತ್ತು ಗೊತ್ತಾ? ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸೋ ಅಂಶ ಇತ್ತು, ಅದನ್ನ ರಾತ್ರಿ ಊಟ ಆದಮೇಲೆ ತಗೋತಿದ್ರು. ಡಾಕ್ಟರು ಬೆಳಿಗ್ಗೆಗೆ ಬದಲಾಯಿಸಿದ್ರು. ಸಂಜೆ ಕಾಫಿ ಬಿಡಿಸಿದ್ರು, ಮಧ್ಯಾಹ್ನ ಮಲಗೋದು ಬಿಡಿಸಿದ್ರು, ನಿದ್ದೆ ಬಂದ ಮೇಲಷ್ಟೇ ಹಾಸಿಗೆಗೆ ಹೋಗಿ, ಬೆಳಿಗ್ಗೆ ಮಾತ್ರ ಒಂದೇ ಟೈಮಿಗೆ ಏಳಿ ಅಂದ್ರು. ಅಪ್ಪನ ನೆನಪಿನ ಸಂಕಟಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದ್ರು, ದುಡ್ಡಿಲ್ಲ. ಪೂರ್ತಿ ಸರಿ ಹೋಗಿಲ್ಲ, ಆದ್ರೆ ಈಗ ಐದು ಗಂಟೆ ಮಲಗ್ತಾರೆ.

ಮೊನ್ನೆ ನಮ್ಮ ಚಿಕ್ಕಮ್ಮನ ಫೋನಿನಲ್ಲಿ ಅದೇ ವಿಡಿಯೋ ನೋಡಿದೆ. ಅದೇ ದನಿ, ಅದೇ "ಇಂಗ್ಲಿಷ್ ಮಾತ್ರೆಗೆ ದಾಸರಾಗಬೇಡಿ." ಕಂಪನಿ ಹೆಸರು ಬೇರೆ, ಡಬ್ಬಿ ಬಣ್ಣ ಬೇರೆ, ಫೋನ್ ನಂಬರ್ ಬೇರೆ. ಇವತ್ತೇ ನಿಮ್ಮ ಮನೆಯ ಹಿರಿಯರನ್ನ ಕೇಳಿ, ತಲೆದಿಂಬಿನ ಹತ್ರ ಯಾವ ಡಬ್ಬಿ ಇದೆ ಅಂತ.